ಮಾಸ್ತರ ಕೈಬರಹಕ್ಕೊಂದು ಕಂಪ್ಯೂಟರ್

ಮಾಸ್ತರ ದನಿ ಹೋಗಿದೆ ಎಂದು ನನ್ನ ಜೊತೆ ಓದಿದವಳೊಬ್ಬಳು ಬಳ್ಳಾರಿ ಬಸ್ ಸ್ಟ್ಯಾಂಡಿನಲ್ಲಿ ಹೇಳಿದಾಗ ನಾನು ನಂಬಲಿಲ್ಲ. ನೆಗಡಿಯಾಗಿ ಗಂಟಲು ಕಟ್ಟಿರಬೇಕು ಬಿಡು ಅಂದೆ. ಅವಳು ತನ್ನ ಕುತ್ತಿಗೆಯ ಬುಡಕ್ಕೆ ಬೆರಳಿಟ್ಟು ತೋರಿಸಿದಳು. "ಗಂಟಲಿಗೆ ಆಪರೇಷನ್ ಆತು. ಇಲ್ಲಿ ತೂತು ಮಾಡ್ಯಾರ. ಉಸಿರು ಇಲ್ಲಿಂದನ ಆಡ್ತಾರ. ಇನ್ನ ಮಾತು ಇಲ್ಲ."

ಆ ಮಾಸ್ತರು ಸಿರುಗುಪ್ಪದ ಶಾಲೆಯಲ್ಲಿ ನಮಗೆ ಕನ್ನಡ ಕಲಿಸಿದವರು. ಸುತ್ತಲ ಹಳ್ಳಿಗಳಿಂದ ಬರುತ್ತಿದ್ದ ನಮ್ಮನ್ನು ಅವರು ಹೆಸರು ಹಿಡಿದು ಕರೆಯುತ್ತಿದ್ದದ್ದು ಹಾಜರಿ ಹೊತ್ತಿನಲ್ಲಿ ಮಾತ್ರ. ಉಳಿದ ಹೊತ್ತೆಲ್ಲ ಊರೇ ಹೆಸರು. ನಾನು ಕೆಂಚನಗುಡ್ಡದವಳು. "ಲೇ ಕೆಂಚನಗುಡ್ಡ, ಕಿಟಕ್ಯಾಗ ಏನ್ ಕಾಣಾಕತ್ತೈತಿ? ಇತ್ತಾಗ ನೋಡು!" ಅಂತ ಅವರು ಕೂಗಿದರೆ ಆ ಊರಿನವರು ಎಷ್ಟು ಜನವಿದ್ದೆವೋ ಅಷ್ಟೂ ಜನ ಬೆಚ್ಚಿಬಿದ್ದು ಕಿಟಕಿಯಿಂದ ಕಣ್ಣು ಕೀಳುತ್ತಿದ್ದೆವು. ದೊಡ್ಡ ದನಿ. ಬೈಸಿಕೊಂಡರೂ ಬೇಜಾರಾಗುತ್ತಿರಲಿಲ್ಲ, ಬೈಸಿಕೊಳ್ಳದ ದಿನ ಏನೋ ಮರೆತು ಮನೆಗೆ ಹೊರಟಂತಿರುತ್ತಿತ್ತು.

ಇದು ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದ ಮಾತು. ನಾನಾಗ ಬಳ್ಳಾರಿಯ ಒಂದು ಪಾಲಿಟೆಕ್ನಿಕ್‌ನಲ್ಲಿ ಪಾಠ ಹೇಳುತ್ತಿದ್ದೆ. ಕಂಪ್ಯೂಟರ್ ಲ್ಯಾಬಿನ ಜವಾಬ್ದಾರಿಯೂ ನನ್ನದೇ. ಮಾಸ್ತರು ಅಷ್ಟರಲ್ಲಿ ವರ್ಗವಾಗಿ ಕುರುಗೋಡಿನ ಶಾಲೆಗೆ ಬಂದಿದ್ದರು. ಮುಂದಿನ ಭಾನುವಾರವೇ ಅವರ ಮನೆಗೆ ಹೋದೆ.

ಕುತ್ತಿಗೆಗೆ ಬಿಳಿ ಅರಿವೆ ಕಟ್ಟಿಕೊಂಡು ಪಡಸಾಲೆಯಲ್ಲಿ ಕೂತಿದ್ದರು. ಅಂಗಿ ಕಿಸೆಯಲ್ಲಿ ಹರಿದ ಚೀಟಿಗಳ ಕಟ್ಟು, ಒಂದು ಪೆನ್ಸಿಲ್. ನನಗೆ ಏನು ಮಾಡಬೇಕೋ ತಿಳಿಯದೆ, ಮಾತು ಬಾರದವರಿಗೆ ಕಿವಿಯೂ ಕೇಳಿಸದೇನೋ ಎಂಬಂತೆ ಕಿರುಚಿ ಕಿರುಚಿ ಯೋಗಕ್ಷೇಮ ಕೇಳಿದೆ. ಅವರು ಚೀಟಿಯಲ್ಲಿ ಬರೆದು ಕೊಟ್ಟರು: "ಕಿವಿ ಅದಾವ. ಸಾವಕಾಶ ಮಾತಾಡು." ತರಗತಿಯಲ್ಲಿ ಅಷ್ಟು ಶುದ್ಧ ಕನ್ನಡ ಬರೆಸುತ್ತಿದ್ದ ಮನುಷ್ಯ ಚೀಟಿಯಲ್ಲಿ ಮಾತ್ರ ಆಡುವ ಮಾತನ್ನೇ ಬರೆಯುತ್ತಿದ್ದರು. ನನಗೆ ನಗುವೂ ಅಳುವೂ ಒಟ್ಟಿಗೆ ಬಂತು.

ಉಳಿದ ಕಥೆ ಹೇಳಿದವನು ಅವರ ಶಾಲೆಯ ಜವಾನ. ಪಕ್ಕದ ಮನೆಯವನು, ಮಾಸ್ತರಿಗಿಂತ ನಾಲ್ಕಾರು ವರ್ಷ ದೊಡ್ಡವನಿರಬೇಕು. ಮಾಸ್ತರ ಪರವಾಗಿ ಊರಿಗೆಲ್ಲ ಮಾತಾಡುವ ಕೆಲಸವನ್ನು ತಾನೇ ವಹಿಸಿಕೊಂಡಿದ್ದ.

"ಬೋರ್ಡಿನ ಮ್ಯಾಲೆ ಬರಿಯಾಕ ಹೋದ್ರ ಚಾಕ್‌ಪೀಸಿನ ಧೂಳಿ ಆ ತೂತಿಗೆ ಹೋಗತೈತ್ರಿ ಅಕ್ಕಾರ. ಕೆಮ್ಮಾಕ ಹತ್ತಿದ್ರ ನಿಲ್ಲಂಗಿಲ್ಲ. ಒದ್ದಿ ಅರಿವಿ ಕಟಗೊಂಡು ನೋಡಿದ್ರು, ಅದೂ ಆಗಲಿಲ್ಲ. ದೊಡ್ಡ ದೊಡ್ಡ ಹಾಳಿ ತಂದು ಕುಂಚಲೆ ಬರದು ತೂಗು ಹಾಕಿದ್ರು. ಪಾಠ ಏನೋ ಆಗತಿತ್ತು. ಆದ್ರ ಹುಡುಗ್ರು ಎದ್ದು ನಿಂತು ಏನರ ಕೇಳಿದ್ರ ಅದಕ್ಕ ಹಾಳಿ ಎಲ್ಲಿಂದ ತರೋದ್ರಿ? ಚೀಟ್ಯಾಗ ಬರದು ಒಬ್ಬನ ಕೈಯಾಗ ಕೊಟ್ರ ಉಳದವರು ಗದ್ದಲ ಹಾಕ್ತಾರ."

ದಸರಾ ರಜೆ ಮುಗಿದ ಮೇಲೆ ಇಲಾಖೆಯ ಸಾಹೇಬರೊಬ್ಬರು ಬಂದು ತರಗತಿ ನೋಡುವವರಿದ್ದರು. ಇವರಿಂದ ಪಾಠ ನಡೆಯುತ್ತದೆ ಎಂದು ಅವರಿಗೆ ಅನ್ನಿಸದಿದ್ದರೆ ಮಾಸ್ತರನ್ನು ಬಳ್ಳಾರಿಯ ಕಚೇರಿಗೆ ಹಾಕುವುದೆಂದು ಮಾತಾಗಿತ್ತು. ಕೆಟ್ಟ ಉದ್ದೇಶವೇನಲ್ಲ. ಸಂಬಳ ಅಷ್ಟೇ ಇರುತ್ತಿತ್ತು, ಕೂರಲು ಕುರ್ಚಿ, ತಲೆಯ ಮೇಲೆ ಫ್ಯಾನು. ನಾನೂ ಅದನ್ನೇ ಹೇಳಿದೆ, ಅಲ್ಲಿ ಆರಾಮ ಇರಬಹುದಲ್ಲ ಸರ್ ಅಂತ. ಅವರು ಬರೆದರು: "ಕುರ್ಚಿ ಬ್ಯಾಡ. ಹುಡುಗರು ಬೇಕು."

ಹೊರಡುವಾಗ ಬಾಗಿಲವರೆಗೆ ಬಂದರು. ಚೀಟಿ ಪೆನ್ಸಿಲು ಒಳಗೆ ಉಳಿದಿದ್ದವು. ತುಟಿ ಆಡಿಸಿ ಏನೋ ಹೇಳಿದರು. ಕುತ್ತಿಗೆಯ ಅರಿವೆಯ ಹಿಂದಿನಿಂದ ಗಾಳಿಯ ಸದ್ದಷ್ಟೇ ಬಂತು. ಇನ್ನೊಮ್ಮೆ ಹೇಳಿದರು, ನನಗೆ ಆಗಲೂ ತಿಳಿಯಲಿಲ್ಲ. ಮೂರನೇ ಸಲ ಹೇಳಿಸಲು ಮನಸ್ಸು ಬಾರದೆ, "ಹೂಂ ಸರ್, ಬರ್ತೀನಿ" ಎಂದು ಬಸ್ಸಿಗೆ ಓಡಿದೆ. ತಿರುಗಿ ನೋಡಿದಾಗ ಇನ್ನೂ ಬಾಗಿಲಲ್ಲೇ ಕೈಯೆತ್ತಿ ನಿಂತಿದ್ದರು.

ಬಸ್ಸಿನಲ್ಲಿ ಕೂತು ಯೋಚಿಸಿದಾಗ ನಮ್ಮ ಲ್ಯಾಬಿನ ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೆಯ ಎಕ್ಸ್‌ಟಿ ಕಂಪ್ಯೂಟರ್ ನೆನಪಾಯಿತು. ಎರಡು ಫ್ಲಾಪಿ ಡ್ರೈವು, ಹಾರ್ಡ್ ಡಿಸ್ಕ್ ಇಲ್ಲ, ಹಸಿರು ಅಕ್ಷರದ ಪರದೆ. ಹೊಸ ಯಂತ್ರಗಳು ಬಂದ ಮೇಲೆ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಾಸ್ತರು ಕೀಲಿ ಒತ್ತಿದರೆ ಪರದೆಯ ಮೇಲೆ ದೊಡ್ಡ ಕನ್ನಡ ಅಕ್ಷರ ಬರುವಂತಾದರೆ ಸಾಕು, ಧೂಳಿಲ್ಲ, ಹಾಳೆಯಿಲ್ಲ. ಪ್ರಿನ್ಸಿಪಾಲರನ್ನು ಕೇಳಿದೆ. "ಇಲ್ಲಿ ಮೂಲ್ಯಾಗ ಕುಂತದ್ದು ಅಲ್ಲಿ ಕುಂದ್ರಲಿ, ತಗೊಂಡ ಹೋಗ್ರಿ" ಎಂದು ಸಹಿ ಹಾಕಿಬಿಟ್ಟರು.

ತೊಡಕು ಬೇರೆಯದಿತ್ತು. ಆ ಯಂತ್ರದ ಜೊತೆ ಬಂದಿದ್ದ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ಯಂತ್ರವನ್ನು ನಡೆಸುವ ಮೂಲ ಪ್ರೋಗ್ರಾಮಿಗೆ, ಕನ್ನಡವೆಂದರೇನೆಂದೇ ಗೊತ್ತಿರಲಿಲ್ಲ, ಕಲಿಸೋಣವೆಂದರೆ ಅದರ ಒಳಗಿನ ಬರಹ ಯಾರಿಗೂ ಕಾಣುವಂತಿರಲಿಲ್ಲ. ಬಾಗಿಲು ಹಾಕಿಕೊಂಡ ಅಡುಗೆಮನೆ ಅದು, ಬಡಿಸಿದ್ದನ್ನು ಉಣ್ಣಬೇಕು ಅಷ್ಟೆ. ಅದೃಷ್ಟಕ್ಕೆ ನಮ್ಮ ಸಹೋದ್ಯೋಗಿಯೊಬ್ಬರು ತರಬೇತಿಗೆ ಹೋಗಿದ್ದಾಗ ಬೇರೊಂದು ಪುಟ್ಟ ವ್ಯವಸ್ಥೆಯ ಫ್ಲಾಪಿಗಳನ್ನು ತಂದಿದ್ದರು. ವಿದ್ಯಾರ್ಥಿಗಳು ಓದಿ ಕಲಿಯಲೆಂದೇ ಮಾಡಿದ್ದು. ಅದರ ಒಳಗಿನ ಬರಹ, ಸೋರ್ಸ್ ಕೋಡ್, ಪೂರ್ತಿ ತೆರೆದಿತ್ತು. ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಯಂತ್ರದ ಭಾಷೆಗೆ ಇಳಿಸಿ ಓಡಿಸಬಹುದು. ಈ ಅಡುಗೆಮನೆಗೆ ನಾವೇ ಹೋಗಿ ಉಪ್ಪು ಖಾರ ಹಾಕಬಹುದಿತ್ತು.

ಮೊದಲು ಪರದೆ. ಆ ವ್ಯವಸ್ಥೆ ಪರದೆಯನ್ನು ಇಂಗ್ಲಿಷ್ ಅಕ್ಷರಗಳ ಸಾಲುಗಳೆಂದು ಮಾತ್ರ ತಿಳಿದಿತ್ತು. ಅದನ್ನು ಚುಕ್ಕಿಗಳ ಹಾಳೆಯೆಂದು ತಿಳಿಯುವಂತೆ ಮಾಡಲು ಗ್ರಾಫಿಕ್ಸ್ ಕಾರ್ಡಿಗೆ ಒಂದಷ್ಟು ಅಂಕಿಗಳನ್ನು ಕಳಿಸಬೇಕು. ನಾನು ಒಂದು ಅಂಕಿ ತಪ್ಪಿ ಕಳಿಸಿದೆ. ಮಾನಿಟರು ಸಣ್ಣಗೆ ಶಿಳ್ಳೆ ಹೊಡೆಯಲು ಶುರುಮಾಡಿತು. ಅದು ಸುಟ್ಟುಹೋಗುವ ಮುಂಚಿನ ಶಿಳ್ಳೆ ಎಂದು ಕೇಳಿ ಗೊತ್ತಿತ್ತು. ಸ್ವಿಚ್ ಹುಡುಕುವ ತಾಳ್ಮೆಯಿಲ್ಲದೆ ವೈರನ್ನೇ ಕಿತ್ತೆ. ಆಮೇಲೆ ಪ್ರತಿ ಅಂಕಿಯನ್ನೂ ಎರಡೆರಡು ಸಲ ಓದಿ, ಒಂದು ಕೈಯನ್ನು ಸ್ವಿಚ್ಚಿನ ಮೇಲಿಟ್ಟುಕೊಂಡೇ ಕೆಲಸ ಮಾಡಿದೆ. ಒಂದು ಸಾಲು ತಿದ್ದಿದರೂ ಇಡೀ ವ್ಯವಸ್ಥೆಯ ತಿರುಳನ್ನು ಮತ್ತೆ ಕಟ್ಟಬೇಕು. ಎರಡು ಡ್ರೈವುಗಳಲ್ಲಿ ಫ್ಲಾಪಿ ತೆಗೆದು ಹಾಕಿ, ತೆಗೆದು ಹಾಕಿ, ಚಹಾ ಕುಡಿದು ಬಂದರೂ ಅದು ಇನ್ನೂ ಗೊಣಗುತ್ತಲೇ ಇರುತ್ತಿತ್ತು. ಕೊನೆಗೆ ತಪ್ಪು ತೋರಿಸಿ ನಿಂತರೆ ನಾನು ಯಂತ್ರಕ್ಕೆ ಬೈಯುತ್ತಿದ್ದ ಭಾಷೆ ಕೇಳಿ ಪಕ್ಕದ ಲ್ಯಾಬಿನವರು ಬಾಗಿಲು ಎಳೆದುಕೊಳ್ಳುತ್ತಿದ್ದರು.

ಆಮೇಲೆ ಅಕ್ಷರ. ಇದನ್ನು ನಾನು ಬರೆಯಬಾರದು, ಮಾಸ್ತರೇ ಬರೆಯಬೇಕು ಎಂದು ಮೊದಲೇ ತೀರ್ಮಾನಿಸಿದ್ದೆ. ಅವರ ಅಕ್ಷರ ಹಾಗಿತ್ತು, ಗುಂಡಗೆ, ತುಂಬಿಕೊಂಡು, ತಲಕಟ್ಟಿನ ತುದಿ ಕೊಂಚ ಮೇಲೆದ್ದು. ಲೆಕ್ಕದ ಚೌಕಳಿ ಹಾಳೆಗಳನ್ನು ಒಯ್ದು ಕೊಟ್ಟು, ಪ್ರತಿ ಅಕ್ಷರಕ್ಕೂ ಚೌಕ ತುಂಬಿಸಿ ಕೊಡಿ ಅಂದೆ. ಒಂದು ಚೌಕ ಎಂದರೆ ಪರದೆಯ ಮೇಲೊಂದು ಚುಕ್ಕಿ. ಅವರು ಮೊದಲ ಹಾಳೆಯಲ್ಲೇ ಚೌಕದ ಗೆರೆ ಮೀರಿ 'ಅ' ಬರೆದಿಟ್ಟರು. ಅರ್ಧ ಚೌಕ ತುಂಬುವಂತಿಲ್ಲ ಸರ್, ತುಂಬಿದರೆ ಪೂರ್ತಿ, ಇಲ್ಲದಿದ್ದರೆ ಖಾಲಿ ಎಂದೆ. "ಅಕ್ಷರಕ್ಕ ಮೂಲಿ ಬರತಾವಲ್ಲಲೇ" ಎಂದು ಚೀಟಿ ಬರೆದರು. ದೊಡ್ಡದಾಗಿ ಬರೆದರೆ ಮೂಲೆ ಕಾಣುವುದಿಲ್ಲವೆಂದು ಒಪ್ಪಿಸಲು ಒಂದು ಮಧ್ಯಾಹ್ನವೇ ಹೋಯಿತು.

ಕ, ಕಾ, ಕಿ, ಕೀ ಎಂದು ಎಲ್ಲ ಅಕ್ಷರಗಳ ಕಾಗುಣಿತವನ್ನೂ ಬೇರೆ ಬೇರೆ ಚಿತ್ರವಾಗಿ ಇಡಲು ಹೋದೆ, ಯಂತ್ರದ ನೆನಪಿನಲ್ಲಿ ಜಾಗ ಸಾಲಲಿಲ್ಲ. ಆಗ ಮಾಸ್ತರು ಚಿಕ್ಕ ಮಕ್ಕಳಿಗೆ ಹೇಳಿಕೊಡುವ ಕ್ರಮವನ್ನೇ ಹಿಡಿದೆ. ಕಕ್ಕೆ ತಲಕಟ್ಟು ಕೊಟ್ಟರೆ ಕ, ಇಳಿ ಕೊಟ್ಟರೆ ಕಾ, ಗುಡಿಸು ಕೊಟ್ಟರೆ ಕಿ. ಒಡಲು ಒಂದು ಕಡೆ, ತಲಕಟ್ಟು, ಇಳಿ, ಗುಡಿಸು, ಕೊಂಬು ಇನ್ನೊಂದು ಕಡೆ. ಕೀಲಿ ಒತ್ತಿದಾಗ ಯಂತ್ರವೇ ಅವನ್ನು ಜೋಡಿಸುವುದು. ಪು, ವು ಬರೆಯುವಾಗ ಕೊಂಬು ಬೇರೆ ಜಾಗದಲ್ಲಿ ಕೂರುತ್ತದೆಂಬುದನ್ನು ನಾನು ಮರೆತಿದ್ದೆ. ಮೊದಲ ದಿನ ಪರದೆಯ ಮೇಲೆ ಬಂದ 'ಹೂವು' ನೋಡಿ ಮಾಸ್ತರು ಹಣೆ ಚಚ್ಚಿಕೊಂಡರು. ಆ ಎರಡಕ್ಕೆ ಬೇರೆ ನಿಯಮ ಬರೆದೆ.

ಕೀಬೋರ್ಡಿನ ವಿಷಯದಲ್ಲಿ ಮಾತ್ರ ಎಲ್ಲ ಸರಾಗವಾಗಿ ಆಯಿತು. ಮಾಸ್ತರು ಎಂದೂ ಟೈಪ್‌ರೈಟರ್ ಮುಟ್ಟಿದವರಲ್ಲ, ಹಾಗಾಗಿ ಯಾವ ಹಳೆಯ ಅಭ್ಯಾಸಕ್ಕೂ ನಾನು ಹೊಂದಿಕೊಳ್ಳಬೇಕಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮೂರು ಸಾಲನ್ನು ನೋಡಿದೆ, ಸಾಲಿಗೆ ಹತ್ತು ಕೀಲಿ. ನಮ್ಮ ವರ್ಗಾಕ್ಷರಗಳು ಐದೈದು. ಮೇಲಿನ ಸಾಲಿನಲ್ಲಿ ಎಡಗೈಗೆ ಕವರ್ಗ, ಬಲಗೈಗೆ ಚವರ್ಗ. ನಡುವಿನ ಸಾಲಿನಲ್ಲಿ ಟವರ್ಗ, ತವರ್ಗ. ಕೆಳಗೆ ಪವರ್ಗ, ಅದರ ಬಲಕ್ಕೆ ಯ ರ ಲ ವ ಶ. ಉಳಿದ ನಾಲ್ಕು ಅಕ್ಷರ ಅಂಚಿನ ಕೀಲಿಗಳಿಗೆ, ಅಂಕಿಗಳ ಸಾಲಿಗೆ ಇಳಿ ಗುಡಿಸು ಕೊಂಬು, ಶಿಫ್ಟ್ ಒತ್ತಿದರೆ ಅಲ್ಲೇ ಸ್ವರಗಳು. ಯಾರೋ ನಮ್ಮ ವರ್ಣಮಾಲೆಯನ್ನು ಎದುರಿಗಿಟ್ಟುಕೊಂಡೇ ಆ ಕೀಲಿಗಳನ್ನು ಜೋಡಿಸಿದ್ದರೇನೋ ಎನ್ನುವಷ್ಟು ಹೊಂದಿಕೊಂಡಿತು. ಮಾಸ್ತರು ನೋಡಿದವರೇ ಬೆರಳು ಕುಣಿಸುತ್ತ ಕ ಖ ಗ ಘ ಙ ಎಂದು ಒತ್ತಿ ಹುಬ್ಬು ಹಾರಿಸಿದರು.

ಕುರುಗೋಡಿನಲ್ಲಿ ಪಂಪ್‌ಸೆಟ್ಟುಗಳು ಶುರುವಾದರೆ ಶಾಲೆಯ ಬಲ್ಬು ಕೆಂಪಗಾಗುತ್ತಿತ್ತು. ಅದಕ್ಕೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಸ್ಟೆಬಿಲೈಸರ್ ಕಟ್ಟುವ ಒಬ್ಬ ಹಿರಿಯ ಮಿಸ್ತ್ರಿಯವರಲ್ಲಿಗೆ ಹೋದೆ. "ಮನೀಗೋ, ಅಂಗಡೀಗೋ?" ಅಂದರು. ವಿಷಯ ಹೇಳಿದೆ. "ಮಾಸ್ತರ ಸಲುವಾಗಿ ಅಂದ್ರ ತಾಮ್ರದ ತಂತಿ ಒಂದ್ ಸುತ್ತು ಜಾಸ್ತೀನ ಹಾಕ್ತೀನಿ ಬಿಡ್ರಿ" ಎಂದು ತಲೆಯೆತ್ತದೆ ಹೇಳಿದರು. ಆ ಪೆಟ್ಟಿಗೆ ಗೂಳಿಯಷ್ಟು ಭಾರವಾಯಿತು, ಆದರೆ ಒಂದು ದಿನವೂ ಕೈಕೊಡಲಿಲ್ಲ. ಯಂತ್ರವನ್ನು ಬಸ್ಸಿನಲ್ಲೇ ಸಾಗಿಸಿದೆ. ತೊಡೆಯ ಮೇಲಿದ್ದ ಮಾನಿಟರ್ ನೋಡಿದ ಕಂಡಕ್ಟರು, "ಟಿವೀನ್ನ ಕಿಟಕಿ ಕಡೆ ಕುಂದ್ರಸ್ರಿ ಅಕ್ಕಾರ, ಅದೂ ಊರು ನೋಡ್ಲಿ" ಎಂದು ನಗಾಡಿದ.

ಇಷ್ಟಕ್ಕೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಾಸ್ತರು ಒಂದೇ ಬೆರಳಿನಲ್ಲಿ ಕೀಲಿ ಹುಡುಕಿ ಹುಡುಕಿ ಒತ್ತುವುದನ್ನು ನೋಡಿ ನನಗೆ ಗಾಬರಿಯಾಯಿತು. ಒಂದು ವಾಕ್ಯ ಬರುವಷ್ಟರಲ್ಲಿ ಹುಡುಗರು ಆಕಳಿಸುತ್ತಾರೆ, ಸಾಹೇಬರು ಗಡಿಯಾರ ನೋಡುತ್ತಾರೆ ಅನ್ನಿಸಿತು. ಹಾಗಾಗಿ ಇನ್ನೊಂದು ಪ್ರೋಗ್ರಾಂ ಬರೆದೆ. ಮಾಸ್ತರು ಪಾಠವನ್ನು ಬಿಡುವಿನಲ್ಲಿ ಟೈಪ್ ಮಾಡಿ ಫ್ಲಾಪಿಯಲ್ಲಿ ಇಟ್ಟುಕೊಳ್ಳುವುದು, ತರಗತಿಯಲ್ಲಿ ಯಾವ ಕೀಲಿ ಒತ್ತಿದರೂ ಒಂದು ಪುಟ. ಇಡೀ ಕೆಲಸದಲ್ಲಿ ನನಗೆ ಅತಿ ಹೆಮ್ಮೆ ತಂದದ್ದು ಅದೇ.

ದಸರಾ ರಜೆಗೆ ಮುಂಚೆ ಏಳನೇ ತರಗತಿಯಲ್ಲಿ ಒಮ್ಮೆ ಅದನ್ನು ನಡೆಸಿ ನೋಡಿದೆವು. ಪುಟಗಳು ಚಕಚಕನೆ ಬಂದವು, ಹುಡುಗರು ಸದ್ದಿಲ್ಲದೆ ಓದಿದರು. ನಡುವೆ ಒಬ್ಬಳು ಎದ್ದು, "ಸರ್, ಇದರ ಅರ್ಥ ಏನ್ರಿ?" ಎಂದು ಪರದೆಯತ್ತ ಕೈ ಮಾಡಿದಳು. ಮಾಸ್ತರು ಕೀಬೋರ್ಡಿನ ಮೇಲೆ ಬೆರಳಿಟ್ಟರು. ಮುಂದಿನ ಪುಟ ಬಂತು. ಮತ್ತೆ ಒತ್ತಿದರು, ಅದರ ಮುಂದಿನದು ಬಂತು. ಆ ಹುಡುಗಿ ಸ್ವಲ್ಪ ಹೊತ್ತು ನಿಂತಿದ್ದು ಕೂತಳು. ರೂಢಿಯಾದರೆ ಸರಿಹೋಗುತ್ತದೆ ಸರ್ ಎಂದೆ. ಅವರು ತಲೆಯಾಡಿಸಿದರು.

ರಜೆ ಶುರುವಾದ ಮಾರನೇ ದಿನ ನಾನು ಶಾಲೆಗೆ ಹೋದಾಗ ಬಾಗಿಲಿಗೆ ಮಾವಿನ ತೋರಣವಿತ್ತು. ರಜೆ ಬಿಡುವ ದಿನ ಶಾಲೆಯಲ್ಲಿ ಪೂಜೆ ಮುಗಿದಿತ್ತು. ಗಂಟೆ, ಕತ್ತರಿ, ಭೂಗೋಳದ ಗುಂಡು, ಎಲ್ಲಕ್ಕೂ ವಿಭೂತಿ, ಕುಂಕುಮ, ಚೆಂಡುಹೂವು. ಮಾನಿಟರಿನ ಹಣೆಗೂ ಮೂರು ಪಟ್ಟೆ ಇತ್ತು. ಚೆಂದವೇ ಕಂಡಿತು. ಸ್ವಿಚ್ ಹಾಕಿದೆ. ಡ್ರೈವು ಕರ್ರ್ ಎಂದು ಹಲ್ಲು ಕಡಿದು ಸುಮ್ಮನಾಯಿತು. ಫ್ಲಾಪಿ ಹೊರಗೆಳೆದು ನೋಡಿದರೆ ಕಪ್ಪು ತಟ್ಟೆ ಕಾಣುವ ಆ ಉದ್ದನೆಯ ಕಿಂಡಿಗೆ ಸರಿಯಾಗಿ ಅಡ್ಡಲಾಗಿ ಮೂರು ಬೆರಳಿನ ವಿಭೂತಿ. ನಟ್ಟನಡುವಿನ ತೂತಿನ ಅಂಚಿಗೆ ಕುಂಕುಮದ ಬೊಟ್ಟು. ಡಬ್ಬಿಯಲ್ಲಿದ್ದ ಎಲ್ಲವಕ್ಕೂ ಹಾಗೇ. ನಾನು ಮಾಡಿದ್ದ ಎರಡನೇ ಪ್ರತಿಯೂ ಅದೇ ಡಬ್ಬಿಯಲ್ಲಿತ್ತು.

ಬಳ್ಳಾರಿಯಲ್ಲಿದ್ದದ್ದು ಆ ವ್ಯವಸ್ಥೆಯ ಮೂಲ ಫ್ಲಾಪಿಗಳಷ್ಟೆ. ನಾನು ತಿದ್ದಿದ್ದು, ಮಾಸ್ತರು ಬರೆದದ್ದು, ಎಲ್ಲ ಈ ವಿಭೂತಿಯ ಕೆಳಗಿತ್ತು.

"ಯಾರು ಮಾಡಿದ್ದು ಇದನ್ನ?" ಎಂದು ಕೂಗಿದೆ. ಜವಾನ ಮುಖ ಅರಳಿಸಿಕೊಂಡು ಬಂದ. "ನಾನರೀ. ಮಾಸ್ತರಿಗೆ ಬಾಯಿ ಕೊಡೋ ಮಿಷನ್ನು. ಬರೇ ಡಬ್ಬಿಗೆ ಹಚ್ಚಿದ್ರ ಆಗತೈತೇನ್ರಿ? ಮಾತು ಇರೋದು ಈ ತಟ್ಯಾಗ ಅಂತ ನೀವ ಹೇಳಿದ್ರಿ. ಒಂದೊಂದನ್ನ ಚೀಲದಾಗಿಂದ ತಗದು, ನೀರಾಗ ಕಲಸಿ, ಮನಸಿಟ್ಟು ಹಚ್ಚೀನಿ."

ಬೈಯಲು ಮನಸ್ಸಾಗಲಿಲ್ಲ. ಆದರೂ ಇವು ಹಾಳಾದವು ಎಂದು ಹೇಳದೆ ಇರಲಾಗಲಿಲ್ಲ. ಅವನು ಅಲ್ಲೇ ಗೋಡೆಗೆ ಒರಗಿ ಕುಸಿದು ಕೂತ. "ಅಂದ್ರ ಮಾಸ್ತರ ಬಾಯಿ ನಾನ ಮುಚ್ಚಿದಂಗಾತಲ್ರಿ ಅಕ್ಕಾರ" ಎಂದು ಟವೆಲ್ಲಿನಿಂದ ಕಣ್ಣೊರೆಸಿಕೊಂಡ. ಮಾಸ್ತರು ಅವನ ಪಕ್ಕ ನೆಲದ ಮೇಲೆ ಕೂತು ಹೆಗಲ ಮೇಲೆ ಕೈಯಿಟ್ಟರು. ಚೀಟಿ ಬರೆದದ್ದು ನನಗೆ: "ಇವಗ ಏನೂ ಅನಬ್ಯಾಡ. ಮುಂದೇನು ಹೇಳು."

ಮುಂದೇನೆಂದರೆ, ತೊಳೆಯುವುದು. ಕೇಳಿದವರಿಗೆ ನಗು ಬರಬಹುದು, ಆದರೆ ಫ್ಲಾಪಿಯ ತಟ್ಟೆ ನೀರಿಗೆ ಹೆದರುವುದಿಲ್ಲ. ಹೆದರುವುದು ಗೀರಿಗೆ. ಗ್ಯಾರೇಜಿನಿಂದ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ತಂದೆ. ಫ್ಲಾಪಿಯ ಹೊರಕವಚವನ್ನು ಒಂದು ಅಂಚಿಗೆ ಬ್ಲೇಡಿನಿಂದ ಸೀಳಿ, ತಟ್ಟೆಯನ್ನು ಹೊರತೆಗೆದು, ಉಜ್ಜದೆ ನೀರು ಬಿಟ್ಟು ಬಿಟ್ಟು ತೊಳೆದು ನೆರಳಲ್ಲಿ ಆರಿಸಿದೆ. ಖಾಲಿ ಫ್ಲಾಪಿಯೊಂದರ ಕವಚ ಸೀಳಿ, ಅದರೊಳಗೆ ಇದನ್ನು ಕೂರಿಸಿ ಓದಿಸುವುದು. ಡ್ರೈವಿನ ತಲೆಯನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸುವುದು, ಮತ್ತೊಂದು ತಟ್ಟೆ. ಜವಾನ ಹಗ್ಗ ಕಟ್ಟಿ ತಟ್ಟೆಗಳನ್ನು ತೂಗುಹಾಕಿ, ಹಪ್ಪಳ ಕಾಯುವ ಹಾಗೆ ಕಾಯುತ್ತ ಕೂತ. ಒಂದು ನೊಣ ಕೂರಲೂ ಬಿಡಲಿಲ್ಲ.

ಕೀಬೋರ್ಡಿನ ಜೋಡಣೆ, ಪರದೆಗೆ ಬರೆಯುವ ಭಾಗ, ಇವೆರಡು ಪೂರ್ತಿ ಓದಿಸಿಕೊಂಡವು. ಅಕ್ಷರಗಳಲ್ಲಿ ಕಾಲುಭಾಗ ಹೋಗಿತ್ತು, ಒತ್ತಕ್ಷರಗಳು ಹೆಚ್ಚುಕಡಿಮೆ ಎಲ್ಲವೂ. ಪುಟ ತಿರುವುವ ನನ್ನ ಪ್ರೋಗ್ರಾಂ, ಮಾಸ್ತರು ಟೈಪ್ ಮಾಡಿಟ್ಟ ಪಾಠಗಳು ಒಂದಿಷ್ಟೂ ಉಳಿಯಲಿಲ್ಲ. ರಜೆ ಮುಗಿಯುವುದರೊಳಗೆ ಎರಡರಲ್ಲಿ ಒಂದು ಆಗಬಹುದಿತ್ತು. ಇರುವ ಅಕ್ಷರಗಳಲ್ಲೇ ಹೇಗೋ ನಿಭಾಯಿಸಿ ಪುಟದ ಪ್ರೋಗ್ರಾಂ ಮತ್ತೆ ಬರೆಯುವುದು, ಇಲ್ಲವೇ ಪುಟ ಬಿಟ್ಟು ಅಕ್ಷರಗಳನ್ನು ಸರಿಮಾಡುವುದು.

ಪುಟಗಳೇ ಬೇಕು ಎಂದು ನಾನು ವಾದಿಸಿದೆ. ಸಾಹೇಬರ ಎದುರು ಒಂದೊಂದೇ ಅಕ್ಷರ ಹುಡುಕುತ್ತ ಕೂತರೆ ಕಚೇರಿಯ ಕುರ್ಚಿ ಖಾತ್ರಿ ಸರ್ ಎಂದೂ ಹೇಳಿಬಿಟ್ಟೆ. ಅವರು ಚೀಟಿಯ ಎರಡೂ ಬದಿ ತುಂಬ ಬರೆದರು: "ಪುಟ ಅಂದ್ರ ಗ್ವಾಡಿಗೆ ಹಾಕಿದ ಹಾಳೀನ ಅಲ್ಲೇನು? ಆ ಹುಡಗಿ ಅರ್ಥ ಕೇಳಿದ್ಲು. ಮುಂದಿನ ಪುಟ ತೋರಿಸಿದೆ. ಅಕೀ ಮಾರಿ ನೀ ನೋಡಲಿಲ್ಲ, ನಾ ನೋಡೀನಿ. ಅಕ್ಷರ ಮೊದಲು."

ಓದಿ ನನ್ನ ಹೆಮ್ಮೆಯೆಲ್ಲ ಇಳಿಯಿತು ಎಂದು ಹೇಳಿದರೆ ಸುಳ್ಳಾದೀತು. ಒಳಗೆ ಇನ್ನೂ ಗುರುಗುಟ್ಟುತ್ತಿದ್ದೆ. ಆದರೆ ಅದು ಅವರ ತರಗತಿ. ಪುಟದ ಮಾತು ಬಿಟ್ಟು ಚೌಕಳಿ ಹಾಳೆ ತೆಗೆದೆ. ಕೀಲಿ ಒತ್ತಿದ ಕೂಡಲೇ ಆ ಅಕ್ಷರ ಪರದೆಗೆ ಬರಬೇಕು, ನಡುವೆ ಏನೂ ಇರಬಾರದು, ಇಷ್ಟೇ ಇಟ್ಟುಕೊಂಡೆ. ಅಕ್ಷರಗಳನ್ನು ಮೊದಲಿಗಿಂತ ದೊಡ್ಡದು ಮಾಡಿದೆವು, ಪರದೆಗೆ ನಾಲ್ಕೇ ಸಾಲು. ರಜೆಯುದ್ದಕ್ಕೂ ಅವರು ಚೌಕ ತುಂಬಿದರು, ನಾನು ಅಂಕಿ ತುಂಬಿದೆ. ಈ ಸಲ ಒಂದು ಪ್ರತಿಯನ್ನು ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ.

ಶಾಲೆ ತೆರೆದ ದಿನವೇ ಸಾಹೇಬರು ಬಂದರು. ಅಂದು ಬೆಳಗ್ಗೆ ಜವಾನ ಎಲ್ಲೂ ಕಾಣಲಿಲ್ಲ. ಆಮೇಲೆ ತಿಳಿಯಿತು, ಕರೆಂಟು ತೆಗೆಯದ ಹಾಗೆ ಲೈನ್‌ಮ್ಯಾನ್ ಮನೆಯ ಕಟ್ಟೆಯ ಮೇಲೆ ಹೋಗಿ ಕೂತುಬಿಟ್ಟಿದ್ದನಂತೆ. ಸಾಹೇಬರು ಮೆತ್ತಗಿನ ಮನುಷ್ಯ. ನನ್ನ ಪಕ್ಕ ಹಿಂದಿನ ಕುರ್ಚಿಯಲ್ಲಿ ಕೂತು, "ನನಗೂ ಇದು ಖುಷಿ ಕೆಲಸ ಅಲ್ಲಮ್ಮ" ಎಂದು ಪಿಸುಗುಟ್ಟಿದರು. ಮಕ್ಕಳು ನೆಲದ ಮೇಲೆ ಪರದೆಗೆ ಹತ್ತಿರವಾಗಿ ಕೂತಿದ್ದರು. ಮಾಸ್ತರು ಕುತ್ತಿಗೆಯ ಅರಿವೆ ಸರಿಮಾಡಿಕೊಂಡು ಮೊದಲ ಕೀಲಿ ಒತ್ತಿದರು.

ನ.

ಆಮೇಲೆ ಬಹಳ ಹೊತ್ತಿಗೆ 'ಮ್ಮ'. ಸಾಹೇಬರ ಕೈ ಗಡಿಯಾರದ ಮೇಲೆ ಹೋಯಿತು.

ಆಗ ಮುಂದಿನ ಸಾಲಿನ ಒಂದಿಬ್ಬರು, "ನಮ್ಮ" ಎಂದು ಜೋರಾಗಿ ಓದಿದರು. ಮುಂದಿನ ಅಕ್ಷರಕ್ಕೆ ಹತ್ತು ಜನ ಸೇರಿದರು. ಅದರ ಮುಂದಿನದಕ್ಕೆ ಇಡೀ ತರಗತಿ. ಹಳ್ಳಿಯ ಶಾಲೆಗಳಲ್ಲಿ ಮಾಸ್ತರು ಒಂದು ಸಾಲು ಹೇಳಿಕೊಟ್ಟರೆ ಮಕ್ಕಳೆಲ್ಲ ಒಟ್ಟಿಗೆ ಹೇಳುವ ರೂಢಿ ಇದ್ದೇ ಇತ್ತು. ಯಾರೂ ಹೇಳಿಕೊಡದೆ ಇವರು ಅದನ್ನೇ ಹಿಡಿದರು. "ನ-ಮ್ಮ ಊ-ರಿ-ನ ಗು-ಡ್ಡ." ಅಕ್ಷರ ತಡವಾದಷ್ಟೂ ಅವರ ಕಣ್ಣು ಪರದೆಗೆ ಅಂಟಿತು. ಮುಂದೆ ಯಾವ ಅಕ್ಷರ ಬರುತ್ತದೆಂದು ಪಂದ್ಯ ಕಟ್ಟಿದವರಂತೆ ಮೊದಲೇ ಕೂಗಲು ಶುರುಮಾಡಿದರು. ಮಾಸ್ತರಿಗೆ ಅದು ತಿಳಿಯಿತು. "ನಾಳೆ ಶಾಲೆಗೆ ರ" ಎಂದು ಬರೆದು ಬೆರಳೆತ್ತಿ ನಿಂತರು. "ರಜಾ!" ಎಂದು ತರಗತಿ ಎದ್ದು ಕುಣಿಯಿತು. ಮಾಸ್ತರು ನಿಧಾನವಾಗಿ ಮುಂದಿನ ಕೀಲಿಗಳನ್ನು ಒತ್ತಿದರು: "ರಗಳೆ ಮಾಡದೆ ಬರಬೇಕು." ಮಕ್ಕಳು ಹೋ ಎಂದು ಗೋಳಾಡಿದರು. ಮಾಸ್ತರ ಭುಜಗಳು ಕುಲುಕುತ್ತಿದ್ದವು. ಅವರು ನಗುತ್ತಿದ್ದುದನ್ನು ಆಪರೇಷನ್ ಆದಮೇಲೆ ನಾನು ನೋಡಿದ್ದು ಅದೇ ಮೊದಲು.

"ಓದೋದೇನೋ ಆತು," ಸಾಹೇಬರು ಮುಂದಕ್ಕೆ ಬಾಗಿದರು. "ಮಕ್ಕಳು ಏನರ ಕೇಳಿದ್ರ?" ಅವರು ಮಾತು ಮುಗಿಸುವಷ್ಟರಲ್ಲಿ ಅವತ್ತಿನ ಅದೇ ಹುಡುಗಿ ಎದ್ದಳು. "ಸರ್, ರಗಳೆ ಅಂದ್ರ ಜಗಳ ಏನ್ರಿ?" ಮಾಸ್ತರು ಅವಳ ಕಡೆ ನೋಡಿ, ಪರದೆ ಖಾಲಿ ಮಾಡಿ, ಬರೆದರು. ಅವಳ ಪ್ರಶ್ನೆಗೆ ಉತ್ತರವನ್ನು ತರಗತಿಯೇ ಒಕ್ಕೊರಲಿನಿಂದ ಅವಳಿಗೆ ಹೇಳಿತು: "ನೀನು ಮನೆಯಲ್ಲಿ ತಮ್ಮನ ಜೊತೆ ಮಾಡುವುದು ಜಗಳ. ಅವ್ವನ ಹತ್ತಿರ ಮಾಡುವುದು ರಗಳೆ." ಅವಳು ನಗುತ್ತ 'ತಿಳೀತ್ರಿ ಸರ್' ಎಂದು ಕೂತಳು. ಸಾಹೇಬರು ಗಡಿಯಾರದ ಮೇಲಿನ ಕೈ ತೆಗೆದಿದ್ದರು.

ಹಿಂದಿನ ಮೂಲೆಯಲ್ಲಿ ಹುಡುಗನೊಬ್ಬ ಪಕ್ಕದವನ ಕಿವಿ ಹಿಂಡುತ್ತಿದ್ದ. ಮಾಸ್ತರ ಕಣ್ಣು ಅಲ್ಲಿಗೆ ಹೋಯಿತು. ಪರದೆಯ ಮೇಲೆ 'ಲೇ' ಬಂತು.

"ಲೇ," ಎಂದಿತು ತರಗತಿ.

"ಬಾ-ದ-ನ-ಹ-ಟ್ಟಿ!" ಟ್ಟಿ ಬರುವ ಮೊದಲೇ ಎಲ್ಲರಿಗೂ ತಿಳಿದುಹೋಗಿತ್ತು. ಈ ಮಕ್ಕಳು ಹಿಂದಿನ ವರ್ಷ ಆ ದನಿಯನ್ನು ಕೇಳಿದವರು. ಅವರು ಅಕ್ಷರ ಓದಲಿಲ್ಲ, ಮಾಸ್ತರು ಕೂಗುತ್ತಿದ್ದಂತೆಯೇ ಕೂಗಿದರು, ಅದೇ ಎಳೆತ, ಕೊನೆಯಲ್ಲಿ ಅದೇ ಏರು. "ಲೇ ಬಾದನಹಟ್ಟಿ, ಕೈ ಕಟ್ಟಿ ಕುಂದ್ರು!" ಹುಡುಗ ಬೆಚ್ಚಿ ಕೈಕಟ್ಟಿ ಕೂತ. ನಾನು ಮುಖ ತಿರುಗಿಸಿ ಸೆರಗಿನಿಂದ ಕಣ್ಣು ಒರೆಸಿಕೊಂಡೆ, ಮುಚ್ಚಿಡುವುದೇನಿದೆ, ಅತ್ತುಬಿಟ್ಟೆ.

ಸಾಹೇಬರು ಎದ್ದು ಮಾಸ್ತರ ಹತ್ತಿರ ಹೋಗಿ ಕೈ ಹಿಡಿದುಕೊಂಡರು. "ನಿಮ್ಮನ್ನ ಆಫೀಸಿಗೆ ಕರಕೊಂಡು ಹೋದ್ರ ಇವರನ್ನ ಬೈಯೋರು ಯಾರ್ರಿ ಮಾಸ್ತರ? ಇಲ್ಲೇ ಇರ್ರಿ" ಎಂದು ಹೇಳಿ ಹೊರಟರು. ಲೈನ್‌ಮ್ಯಾನ್ ಮನೆಯಿಂದ ಆಗಷ್ಟೇ ಬಂದ ಜವಾನ ಬಾಗಿಲಲ್ಲಿ ಅದನ್ನು ಕೇಳಿ, ನನ್ನ ಕಡೆ ತಿರುಗಿ, "ಅಕ್ಕಾರ, ವಿಭೂತಿ ಪೂರಾ ದಂಡ ಆಗಲಿಲ್ಲ ನೋಡ್ರಿ" ಅಂದ. ಆ ಪುಟಗಳು ಹೋದದ್ದೇ ಒಳ್ಳೆಯದಾಯಿತು ಬಿಡು ಎಂದು ನಾನೂ ಒಪ್ಪಿಕೊಂಡೆ.

ಮಧ್ಯಾಹ್ನದ ಬಸ್ಸಿಗೆ ಹೊತ್ತಾಗಿತ್ತು. ಬಳ್ಳಾರಿಯಲ್ಲಿ ನನ್ನ ತರಗತಿ ಕಾಯುತ್ತಿತ್ತು. ಪಾಠದ ನಡುವೆ ತೊಂದರೆ ಕೊಡುವುದು ಬೇಡವೆಂದು ಕೈಚೀಲ ಎತ್ತಿಕೊಂಡು ಗೋಡೆ ಬದಿಯಿಂದ ಸದ್ದಿಲ್ಲದೆ ಬಾಗಿಲ ಹತ್ತಿರ ಬಂದೆ. ಬೆನ್ನ ಹಿಂದೆ ಕೀಲಿಗಳ ಸದ್ದು ಕೇಳಿಸಿತು. ಆಮೇಲೆ ಮಕ್ಕಳ ದನಿ, ಮೊದಲು ಅನುಮಾನದಿಂದ, ಆಮೇಲೆ ಜೋರಾಗಿ.

"ಲೇ ಕೆಂ-ಚ-ನ-ಗು-ಡ್ಡ!"

ಕೈಚೀಲ ಕೆಳಗಿಟ್ಟು, ಕೈಕಟ್ಟಿ, ನೆಟ್ಟಗೆ ನಿಂತು, "ಸರ್" ಎಂದುಬಿಟ್ಟಿದ್ದೆ. ಆ ಊರಿನವರು ಯಾರೂ ತಮ್ಮ ತರಗತಿಯಲ್ಲಿಲ್ಲವಲ್ಲ ಎಂದು ಸುತ್ತ ನೋಡುತ್ತಿದ್ದ ಮಕ್ಕಳು, ನಾನು ನಿಂತ ರೀತಿ ಕಂಡು ಕಿಸಕ್ಕನೆ ನಕ್ಕರು. ಮಾಸ್ತರು ನನ್ನನ್ನೇ ನೋಡುತ್ತ ಮುಂದಿನ ಮಾತು ಒತ್ತಿದರು. ಅಕ್ಷರ ಒತ್ತುವಾಗ ಅವರ ತುಟಿಯೂ ಆಡುತ್ತಿತ್ತು. ತುಟಿಯ ಆ ಆಟವನ್ನು ನಾನು ಮುಂಚೆ ಒಮ್ಮೆ ನೋಡಿದ್ದೆ, ಮೊದಲ ದಿನ ಅವರ ಮನೆಯ ಬಾಗಿಲಲ್ಲಿ, ಎರಡು ಸಲ ಹೇಳಿದರೂ ತಿಳಿಯದೆ ನಾನು ಬಸ್ಸಿಗೆ ಓಡಿದಾಗ.

ಮಕ್ಕಳು ಪರದೆ ನೋಡಿ, ನನ್ನ ಕಡೆ ತಿರುಗಿ, ಒಂದೇ ದನಿಯಲ್ಲಿ ಹೇಳಿದರು: "ಉಂಡು ಹೋಗು."

"ಹೂಂ ಸರ್," ಎಂದೆ. ಆ ಬಸ್ಸು ಬಿಟ್ಟೆ.